ಅವರದು ಕೌಶಲ, ನಮ್ಮದು ಜೂಜು

ಬೆಳಗಾವಿಗೆ ಒಂದು ಕ್ರಿಕೆಟ್ ತಂಡವಿತ್ತು. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಆಡುತ್ತಿತ್ತು. ಹೆಸರು ಬೆಳಗಾವಿ ಪ್ಯಾಂಥರ್ಸ್. ಅಂಕಲಗಿಯ ಚಹಾದಂಗಡಿಯ ಟಿ.ವಿ.ಯಲ್ಲಿ ಆ ಹೆಸರು ಮೊದಲ ಸಲ ಕಂಡಾಗ ನಮಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳೋಣ. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ರಾಜಾ ಢಾಲೆ, ಜೆ.ವಿ. ಪವಾರರಂಥ ಹುಡುಗರು ದಲಿತ ಪ್ಯಾಂಥರ್ ಕಟ್ಟಿದ ಕತೆ ಕೇಳುತ್ತ ಬೆಳೆದವರು ನಾವು. ನಮಗೆ ಪ್ಯಾಂಥರ್ ಅಂದರೆ ಅದೊಂದೇ. ಆದರೆ ಬೆಳಗಾವಿಯ ಈ ಪ್ಯಾಂಥರ್‌ನ ಕೊರಳಲ್ಲಿ ಸರಪಳಿಯಿತ್ತು, ಸರಪಳಿ ಹಿಡಿದ ಮಾಲೀಕನಿದ್ದ. 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಆ ಮಾಲೀಕನನ್ನು ಬೆಟ್ಟಿಂಗ್ ಆರೋಪದ ಮೇಲೆ ಬಂಧಿಸಿದರು. ನವೆಂಬರ್‌ನಲ್ಲಿ ಇನ್ನಿಬ್ಬರು ಆಟಗಾರರ ಬಂಧನವಾಯಿತು. ಆ ವರ್ಷದ ಹುಬ್ಬಳ್ಳಿ–ಬಳ್ಳಾರಿ ಫೈನಲ್ಲಿನಲ್ಲಿ ನಿಧಾನ ಬ್ಯಾಟ್ ಬೀಸಲು 20 ಲಕ್ಷ ರೂಪಾಯಿ ಪಡೆದರೆಂಬುದು ಅವರ ಮೇಲಿದ್ದ ಆರೋಪ.

ಮುಂದೇನಾಯಿತು ಎಂಬುದು ಹೆಚ್ಚಿನ ಗೆಳೆಯರಿಗೆ ಗೊತ್ತಿಲ್ಲ. 2022ರ ಜನವರಿ 10ರಂದು ಕರ್ನಾಟಕ ಹೈಕೋರ್ಟು ಅರ್ಜಿ ಹಾಕಿಕೊಂಡಿದ್ದ ಆರೋಪಿಗಳ ಮೇಲಿನ ಮೊಕದ್ದಮೆಯನ್ನು ರದ್ದು ಮಾಡಿತು. ಮ್ಯಾಚ್ ಫಿಕ್ಸಿಂಗ್ ಆಟಗಾರನ ಅಪ್ರಾಮಾಣಿಕತೆಯನ್ನು ತೋರಿಸಬಹುದು, ಶಿಸ್ತುಕ್ರಮ ಬೇಕಾದರೆ ಕ್ರಿಕೆಟ್ ಮಂಡಳಿ ತೆಗೆದುಕೊಳ್ಳಲಿ, ಅದು 420ನೇ ಕಲಮಿನ ವಂಚನೆ ಆಗುವುದಿಲ್ಲ ಎಂದಿತು. ಇನ್ನೊಂದು ಮಾತನ್ನೂ ಹೇಳಿತು. ಕರ್ನಾಟಕ ಪೊಲೀಸ್ ಕಾಯಿದೆಯ 'ಜೂಜು' ಎಂಬ ವ್ಯಾಖ್ಯೆಯೊಳಗೆ ಕ್ರೀಡೆ ಬರುವುದಿಲ್ಲ, ಕ್ರಿಕೆಟ್ ಒಂದು ಕ್ರೀಡೆ, ಆದ್ದರಿಂದ ಅದರ ಮೇಲೆ ಬೆಟ್ಟಿಂಗ್ ನಡೆದರೂ ಅದು ಈ ಕಾಯಿದೆಯ ಪ್ರಕಾರ ಜೂಜಲ್ಲ.

ತಪ್ಪು ನ್ಯಾಯಾಧೀಶರದಲ್ಲ. ಅವರು ಕಾಯಿದೆಯಲ್ಲಿ ಬರೆದದ್ದನ್ನು ಓದಿದರು. ನಾವು ಕೇಳುವುದು, ಇದನ್ನು ಹಾಗೆ ಬರೆದದ್ದು ಯಾರಿಗಾಗಿ ಎಂದು.

ಯಾಕಂದರೆ ಇದೇ 1963ರ ಕಾಯಿದೆಗೆ ನಮ್ಮ ಓಣಿಯಲ್ಲಿ ಬೇರೆಯೇ ಮುಖವಿದೆ. ಕಬ್ಬು ಕಡಿದು ಬಂದ ನಾಲ್ಕು ಮಂದಿ ಹುಣಸಿಗಿಡದ ಬುಡಕ್ಕೆ ಗೋಣಿತಟ್ಟು ಹಾಸಿ ಅಂದರ್–ಬಾಹರ್ ಆಡಿದರೆ 87ನೇ ಕಲಮು. ಓಸಿ ಚೀಟಿ ಬರೆದರೆ 78. ಮರುದಿನ ಪೇಪರಿನ ಒಳಪುಟದಲ್ಲಿ ಎರಡು ಸಾಲು: ಜೂಜಾಟ, ಐವರ ಬಂಧನ, ಇಸ್ಪೀಟ ಎಲೆ ಮತ್ತು ಇಷ್ಟು ರೊಕ್ಕ ವಶ. ಹೆಸರಿನ ಜೊತೆಗೆ ಅಪ್ಪನ ಹೆಸರು, ವಯಸ್ಸು, ಉದ್ಯೋಗ ಕೂಲಿ, ಊರು. ಓದಿದವರಿಗೆ ಕೇರಿಯೂ ಗೊತ್ತಾಗುವ ಹಾಗೆ ಬರೆದಿರುತ್ತಾರೆ. ನಮ್ಮ ಕಾಕಾ ಒಬ್ಬರು ಹೀಗೆ ಒಮ್ಮೆ ಪೇಪರಿನಲ್ಲಿ ಬಂದರು. ಅವರ ಹೆಸರು ಅಚ್ಚಾಗಿದ್ದು ಜೀವಮಾನದಲ್ಲಿ ಅದೊಂದೇ ಸಲ. "ಎಪ್ಪತ್ತು ರೂಪಾಯಿ ಇತ್ತಲೇ ತಮ್ಮಾ ಕಿಸೇದಾಗ, ಅದನ್ನೂ ಬರದಾರ" ಅಂತ ನಗುತ್ತಿದ್ದರು.

ಇಲ್ಲಿ ಗೆರೆ ಎಳೆಯುವ ಪದ ಒಂದೇ: ಕೌಶಲ. ಆಟದಲ್ಲಿ ಕೌಶಲ ಹೆಚ್ಚಿದ್ದರೆ ಅದು ವ್ಯವಹಾರ, ಅದೃಷ್ಟ ಹೆಚ್ಚಿದ್ದರೆ ಅದು ಜೂಜು. 1957ರಲ್ಲಿ ಚಮರ್‌ಬಾಗ್‌ವಾಲಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಗೆರೆಯನ್ನು ಹಾಕಿತು. 1996ರಲ್ಲಿ ಲಕ್ಷ್ಮಣನ್ ಮೊಕದ್ದಮೆಯಲ್ಲಿ ಕುದುರೆ ಜೂಜು ಕೌಶಲದ ಕಡೆಗೆ ದಾಟಿತು. ಓಡುವುದು ಕುದುರೆ, ಬೆವರುವುದು ಕುದುರೆ, ಕೌಶಲ ಮಾತ್ರ ಟರ್ಫ್ ಕ್ಲಬ್ಬಿನ ಕಟ್ಟೆಗೆ ಕೂತು ರೊಕ್ಕ ಕಟ್ಟಿದವನದು! 2017ರಲ್ಲಿ ಪಂಜಾಬ್–ಹರಿಯಾಣ ಹೈಕೋರ್ಟು ಡ್ರೀಮ್ ಇಲೆವೆನ್ನಿನ ಫ್ಯಾಂಟಸಿ ಕ್ರಿಕೆಟ್ಟನ್ನೂ ಆ ಕಡೆಗೆ ದಾಟಿಸಿತು. 2021ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ರೊಕ್ಕ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿದಾಗ ಹಳ್ಳಿಯಲ್ಲಿ ಅನೇಕರಿಗೆ ಸಮಾಧಾನವಾಗಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದನ್ನು ಹೊಡೆದುಹಾಕಿತು, ಕೌಶಲದ ಆಟ ನಿಷೇಧಿಸಲು ಬರುವುದಿಲ್ಲವೆಂದು. ಇದರಲ್ಲೂ ಒಂದು ತಮಾಷೆ ನೋಡಿ. ಜೂಜಿನ ವಿರುದ್ಧದ ಆ ತಿದ್ದುಪಡಿಯಲ್ಲೇ ಕುದುರೆ ರೇಸಿನ ಬಾಜಿಗೆ ವಿನಾಯಿತಿ ಬರೆದಿದ್ದರು. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಿಂದ ವಿಧಾನಸೌಧ ಬಹಳ ದೂರ ಇಲ್ಲ.

ಕೌಶಲ ಎಂಬ ಪದವನ್ನು ನಾವು ಸುಮ್ಮನೆ ಬಿಡಲಾರೆವು. ಈ ದೇಶದಲ್ಲಿ ಆ ಪದದ ಮೇಲೆ ಯಾವಾಗಲೂ ಯಾರೋ ಒಬ್ಬರ ಒಡೆತನವಿದೆ. ಚರ್ಮ ಹದ ಮಾಡುವುದು, ದಾರ ಎಳೆದು ಚೆಂಡು ಹೊಲಿಯುವುದು ಯಾವ ಕೋರ್ಟಿನಲ್ಲೂ ಕೌಶಲ ಅನ್ನಿಸಿಕೊಂಡಿಲ್ಲ, ಅದು 'ಹುಟ್ಟಿನಿಂದ ಬಂದ ಕಸುಬು'. ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ ಅವರನ್ನು ನೆನೆಯೋಣ. ಚಮ್ಮಾರ ಮನೆಯ ಹುಡುಗ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಸಾಹೇಬರಿಗೆ ಚೆಂಡು ಎಸೆಯುವ ಕೆಲಸ. ಗಂಟೆಗಟ್ಟಲೆ ಎಸೆಯಬೇಕು, ಬ್ಯಾಟು ಮುಟ್ಟುವಂತಿಲ್ಲ. ಹಿಂದೂ ತಂಡಕ್ಕೆ ಆ ಎಡಗೈ ಬೇಕಾಯಿತು. ಆದರೆ ಚಹಾ ವಿರಾಮದಲ್ಲಿ ಅವರಿಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಬಟ್ಟಲಿನಲ್ಲಿ ಚಹಾ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತರು. ಹಿಂದೂ ತಂಡದ ನಾಯಕತ್ವ ಮಾತ್ರ ಅವರಿಗೆ ಸಿಗಲಿಲ್ಲ. 1923ರಲ್ಲಿ ಅದು ತಮ್ಮ ವಿಠಲನಿಗೆ ಸಿಗಬೇಕಾದರೂ ಜಗಳವಾಗಬೇಕಾಯಿತು. ಕೈಯಲ್ಲಿ ಕೌಶಲ ಇದ್ದವನನ್ನು ಹೊರಗೆ ಕೂರಿಸಿದ ಆಟವೇ ಇವತ್ತು ಬೆರಳಿನಿಂದ ಹನ್ನೊಂದು ಹೆಸರು ಒತ್ತಿ ರೊಕ್ಕ ಕಟ್ಟಿದವನಿಗೆ ಕೌಶಲದ ಸರ್ಟಿಫಿಕೇಟು ಕೊಟ್ಟಿತು.

ನಾವು ಕವಿತೆ ಬರೆಯುವವರು. ಆದ್ದರಿಂದ ಈ ಕಂಪನಿಗಳ ಜಾಹೀರಾತನ್ನೂ ಒಂದು ಕೃತಿಯೆಂದೇ ಓದುತ್ತಿದ್ದೆವು. 2018ರಲ್ಲಿ ಧೋನಿಯ ಹೆಸರಿನ ಜೊತೆ 'ದಿಮಾಗ್' ಎಂಬ ಪದ ಜೋಡಿಸಿದ ಜಾಹೀರಾತು ಬಂತು. ರಾಂಚಿಯ ಸಣ್ಣ ನೌಕರನ ಮಗ ದೊಡ್ಡವನಾದ ಕತೆ ನಮ್ಮ ಹುಡುಗರಿಗೆ ಬಹಳ ಪ್ರೀತಿ. ನಿನಗೂ ತಲೆ ಇದೆ, ನೀನೂ ಆಗಬಹುದು ಎಂಬ ಆಸೆಯನ್ನು ಆ ಒಂದು ಪದದಲ್ಲಿ ಕಟ್ಟಿದ್ದರು. ಇಷ್ಟು ವರ್ಷ 'ನಿಮಗೆಲ್ಲಿ ತಲೆ' ಅನ್ನಿಸಿಕೊಂಡ ಮನೆಯ ಹುಡುಗನಿಗೆ ಟಿ.ವಿ. ಬಂದು 'ನಿನಗೆ ತಲೆ ಐತಿ' ಅಂದರೆ ಅವನು ಯಾಕೆ ನಂಬಬಾರದು? ಆಮೇಲೆ ಜಾಹೀರಾತಿನ ಕೊನೆಯ ಸಾಲು. ರೊಕ್ಕ ಹೋಗಬಹುದು, ಚಟ ಹತ್ತಬಹುದು, ಹೊಣೆ ನಿನ್ನದೇ ಎಂಬ ಮಾತು. 2020ರ ಡಿಸೆಂಬರ್‌ನಿಂದ ಅದನ್ನು ಹೇಳಲೇಬೇಕೆಂದು ಜಾಹೀರಾತು ಮಂಡಳಿಯ ನಿಯಮ ಬಂತು. ಹೇಳಿದರು. ಸಂಸ್ಕೃತ ಮಂತ್ರವನ್ನು ಭಟ್ಟರು ಉಸಿರು ಬಿಡದೆ ಒದರುತ್ತಾರಲ್ಲ, ಹಾಗೆ. ಕೇಳಬೇಕಾದವನಿಗೆ ಒಂದಕ್ಷರ ತಿಳಿಯಬಾರದು, ಆದರೆ ವಿಧಿ ಮುಗಿದಿರಬೇಕು.

ಲೀಗುಗಳು ಈ ರೊಕ್ಕವನ್ನು ಹೇಗೆ ತಿಂದವು ಎಂಬುದು ಸಣ್ಣ ಲೆಕ್ಕವೇನಲ್ಲ. 2013ರಲ್ಲಿ ಐಪಿಎಲ್ಲಿನಲ್ಲಿ ಸ್ಪಾಟ್ ಫಿಕ್ಸಿಂಗ್ ಆಯಿತು. 2015ರಲ್ಲಿ ಚೆನ್ನೈ, ರಾಜಸ್ಥಾನ ತಂಡಗಳನ್ನು ಎರಡು ವರ್ಷ ಹೊರಗಿಟ್ಟರು. ಬೆಟ್ಟಿಂಗ್ ಎಂಬುದು ಆಟಕ್ಕೆ ಹತ್ತಿದ ರೋಗ ಎಂದು ಎಲ್ಲರೂ ಭಾಷಣ ಮಾಡಿದರು. 2016ರ ಜನವರಿಯಲ್ಲಿ ಲೋಧಾ ಸಮಿತಿ ಕ್ರಿಕೆಟ್ ಬೆಟ್ಟಿಂಗನ್ನು ಕಾನೂನುಬದ್ಧ ಮಾಡಿರೆಂದಿತು. 2018ರಲ್ಲಿ ಕಾನೂನು ಆಯೋಗದ 276ನೇ ವರದಿ, ತಡೆಯಲು ಆಗದಿದ್ದರೆ ಹತೋಟಿಯಲ್ಲಾದರೂ ಇಡಿರೆಂದಿತು. ಕಾನೂನು ಬರುವವರೆಗೆ ಲೀಗುಗಳು ಕಾಯಲಿಲ್ಲ. ಅವಕ್ಕೆ 'ಕೌಶಲ' ಎಂಬ ಹಿಂಬಾಗಿಲು ಸಿಕ್ಕಿತ್ತು. 2020ರ ಐಪಿಎಲ್ಲಿನ ಹೆಸರನ್ನೇ ಡ್ರೀಮ್ ಇಲೆವೆನ್ 222 ಕೋಟಿ ರೂಪಾಯಿಗೆ ಕೊಂಡಿತು. 2023ರಲ್ಲಿ 358 ಕೋಟಿಗೆ ಭಾರತ ತಂಡದ ಎದೆಯನ್ನು ಕೊಂಡಿತು. ಪಂದ್ಯದ ಮೇಲೆ ಊರ ಬುಕ್ಕಿ ರೊಕ್ಕ ಹಚ್ಚಿಸಿಕೊಂಡರೆ ರೋಗ, ಪಂದ್ಯದ ಅಂಗಿಯ ಮೇಲೆ ಹೆಸರು ಹಚ್ಚಿಕೊಂಡರೆ ಪಾಲುದಾರ.

ಅಮೆರಿಕದಲ್ಲಿ ಇದೇ ನಾಟಕ ಇನ್ನೂ ಬಯಲಿನಲ್ಲಿ ನಡೆಯಿತು. ಬೆಟ್ಟಿಂಗ್ ಬೇಡವೆಂದು ಅಲ್ಲಿಯ ಲೀಗುಗಳು ನ್ಯೂಜೆರ್ಸಿ ರಾಜ್ಯದ ಮೇಲೆ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದವು. 2018ರ ಮೇ ತಿಂಗಳಲ್ಲಿ ಸೋತವು. ಸೋಲು ಖಾತ್ರಿಯಾಗುವ ಮೊದಲೇ ಎನ್‌ಬಿಎ ಮತ್ತು ಬೇಸ್‌ಬಾಲ್ ಲೀಗು ಹಚ್ಚಿದ ಒಟ್ಟು ರೊಕ್ಕದಲ್ಲಿ ನಮಗೆ ನೂರಕ್ಕೆ ಒಂದು ಪಾಲು ಬೇಕೆಂದು ಕೇಳಿದ್ದವು. ಆ ಪಾಲಿಗೆ ಇಟ್ಟ ಹೆಸರು 'ಪ್ರಾಮಾಣಿಕತೆಯ ಫೀ'! ನಮ್ಮ ಕಡೆ ಸಂತೆಯಲ್ಲಿ ಅಂದರ್–ಬಾಹರ್ ಆಡಿಸುವವನೂ ಪ್ರತಿ ಆಟಕ್ಕೆ ಇಷ್ಟು ಅಂತ ತೆಗೆಯುತ್ತಾನೆ. ಅವನಿಗೆ ಅದಕ್ಕೊಂದು ಚಂದದ ಹೆಸರಿಡಲು ಗೊತ್ತಿಲ್ಲ ಅಷ್ಟೇ.

ನಾವು ಇಸ್ಪೀಟನ್ನೂ ಓಸಿಯನ್ನೂ ಹೊತ್ತು ಮೆರೆಸುತ್ತಿಲ್ಲ. ಓಸಿ ಬರೆಸಿ ತಾಳಿ ಅಡವಿಟ್ಟ ಮನೆಗಳು ನಮ್ಮ ಕೇರಿಯಲ್ಲೇ ಇವೆ, ಅಲ್ಲಿಯ ಅವ್ವಂದಿರ ಶಾಪ ನಮಗೆ ಗೊತ್ತು. ನಮ್ಮ ಸಂಘಟನೆಯ ಗೆಳೆಯರೂ ಅಂಬೇಡ್ಕರ್ ಜಯಂತಿಗೆ ಟೆನಿಸ್ ಬಾಲ್ ಪಂದ್ಯಾವಳಿ ಇಡುತ್ತೇವೆ. ಬೌಂಡರಿಯ ಆಚೆ ನಿಂತವರು ಎಷ್ಟು ಹಚ್ಚುತ್ತಾರೆಂದು ನೋಡಿಯೂ ನೋಡದ ಹಾಗಿರುತ್ತೇವೆ. ಹಳ್ಳಿ ಮಾಸ್ತರರಾಗಿರುವ ಗೆಳೆಯರು ಒಂಬತ್ತನೇ ಇಯತ್ತೆಯ ಹುಡುಗರ ನೋಟ್‌ಬುಕ್ಕಿನ ಹಿಂದಿನ ಹಾಳೆ ತೆರೆದು ನೋಡಿರಬೇಕು, ಹನ್ನೊಂದು ಹೆಸರುಗಳ ಪಟ್ಟಿ. ನಮ್ಮ ಜೊತೆ ಗೋಕಾಕಿನಲ್ಲಿ ಡಿಗ್ರಿ ಓದಿದ ಒಬ್ಬ ಗೆಳೆಯ ಕಬ್ಬಿನ ಗ್ಯಾಂಗಿಗೆ ತಗೊಂಡ ಮುಂಗಡವನ್ನು ಒಂದು ಸೀಸನ್ನಿನಲ್ಲಿ ಮೊಬೈಲಿಗೆ ಸುರಿದ. ಮುಂಗಡ ತೀರಿಸಲು ಅವನ ಅಪ್ಪ ಅವ್ವ ಎರಡು ಹಂಗಾಮು ಹೆಚ್ಚಿಗೆ ಕಡಿದರು. ಅವನನ್ನು ಬೈಯಲು ಹೋದರೆ, "ನಂದು ತಲಿ ಓಡಲಿಲ್ಲಪಾ, ಆಟದ್ದೇನ ತಪ್ಪಿಲ್ಲ" ಅಂದ. ಕೌಶಲ ಎಂಬ ಪದ ಮಾಡುವ ಕೆಲಸವೇ ಇದು. ಇಸ್ಪೀಟಿನಲ್ಲಿ ಸೋತವನು ದೈವಕ್ಕೆ ಬೈದು ಎದ್ದು ಹೋಗುತ್ತಾನೆ. ಕೌಶಲದಲ್ಲಿ ಸೋತವನು ತನ್ನನ್ನೇ ದಡ್ಡನೆಂದು ಒಪ್ಪಿಕೊಂಡು, ತಲೆ ಓಡಿಸಲು ಮತ್ತೆ ರೊಕ್ಕ ತರುತ್ತಾನೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನದಲ್ಲಿ ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಪಾಸು ಮಾಡಿತು. 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವಿರಲಿ ಅದೃಷ್ಟವಿರಲಿ, ರೊಕ್ಕ ಕಟ್ಟುವ ಆನ್‌ಲೈನ್ ಆಟ ನಡೆಸಿದವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂದು ಸರ್ಕಾರವೇ ಲೆಕ್ಕ ಹೇಳಿತು. ಆ ಲೆಕ್ಕ ಗೊತ್ತಿದ್ದೇ 2023ರ ಅಕ್ಟೋಬರ್‌ನಿಂದ ಕಟ್ಟಿದ ರೊಕ್ಕದ ಮೇಲೆ ನೂರಕ್ಕೆ 28 ಜಿಎಸ್‌ಟಿ ಎತ್ತಿದರಲ್ಲ, ಅದರಲ್ಲಿ ನಮ್ಮ ಗೆಳೆಯನ ಮುಂಗಡದ ಪಾಲೆಷ್ಟು? ಆದರೂ ಆಡಿದವನನ್ನು ಬಿಟ್ಟು ಆಡಿಸಿದವನನ್ನು ಹಿಡಿಯುವ ಕಾನೂನು ಎಂಬ ಕಾರಣಕ್ಕೆ ನಾವು ಇದನ್ನು ಸ್ವಾಗತಿಸುತ್ತೇವೆ. ಹುಣಸಿಗಿಡದ ಬುಡಕ್ಕೂ ಇದೇ ನ್ಯಾಯ ಬರಲಿ. ಕಂಪನಿಗಳು ಕೋರ್ಟಿಗೆ ಹೋದವು. ರಾಜ್ಯಗಳ ಹೈಕೋರ್ಟುಗಳಲ್ಲಿದ್ದ ಅರ್ಜಿಗಳು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ವರ್ಗವಾದವು. ಅಲ್ಲಿಯೂ ವಾದ ಕೌಶಲದ್ದೇ.

ಕೆಪಿಎಲ್ ನಿಂತುಹೋಯಿತು. 2022ರಲ್ಲಿ ಅದರ ಜಾಗದಲ್ಲಿ ಹೊಸ ಲೀಗು ಬಂದಾಗ ಆರು ತಂಡಗಳ ಪಟ್ಟಿಯಲ್ಲಿ ಬೆಳಗಾವಿ ಇರಲಿಲ್ಲ. ಲೀಗಿನ ಹೊಸ ಹೆಸರು ಮಹಾರಾಜ ಟ್ರೋಫಿ. 2025ರ ಸೆಪ್ಟೆಂಬರ್‌ನಲ್ಲಿ ಭಾರತ ತಂಡ ಏಷ್ಯಾ ಕಪ್ಪಿಗೆ ಹೋದಾಗ ಎದೆಯ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಅದೇ ಹೊತ್ತಿಗೆ ನಮ್ಮ ಕಡೆಯ ಸಂತೆಗಳಲ್ಲಿ ಹಳೆಯ ಹೆಸರಿನ ನೀಲಿ ಅಂಗಿಗಳು ಗುಡ್ಡೆ ಬಿದ್ದು ಅಗ್ಗಕ್ಕೆ ಬಂದವು. ಆ ವರ್ಷ ಕಬ್ಬಿನ ಗ್ಯಾಂಗಿನ ಅರ್ಧಕ್ಕರ್ಧ ಹುಡುಗರು ಅವನ್ನೇ ಹಾಕಿಕೊಂಡು ಹೊಲಕ್ಕಿಳಿದರು, ಕಬ್ಬಿನ ರವದಿ ಮೈ ಕೊಯ್ಯುತ್ತದೆ, ಉದ್ದ ತೋಳಿನ ಅಂಗಿ ಬೇಕೇ ಬೇಕು.