ಚುನಾವಣಾ ಪ್ರಚಾರದ ಭಾಷೆ: ‘ಅಂತೆ’ಯ ಲೋಪ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಮತದಾರರು ಸ್ತ್ರೀ ಅಭ್ಯರ್ಥಿಗಳನ್ನು ಒಲ್ಲದವರೆಂದು ಹೇಳುವುದು ಸಾಧುವಲ್ಲ. ಪುತ್ತೂರು ಕ್ಷೇತ್ರವು 2004ರಲ್ಲಿ ಶಕುಂತಲಾ ಶೆಟ್ಟಿಯವರನ್ನೂ, 2008ರಲ್ಲಿ ಮಲ್ಲಿಕಾ ಪ್ರಸಾದರನ್ನೂ, 2013ರಲ್ಲಿ ಬೇರೊಂದು ಪಕ್ಷದಿಂದ ನಿಂತ ಶಕುಂತಲಾ ಶೆಟ್ಟಿಯವರನ್ನೇ ಮತ್ತೊಮ್ಮೆಯೂ ವಿಧಾನಸಭೆಗೆ ಕಳುಹಿಸಿತು. ಕಡಬ ಸೇರಿದ ಸುಳ್ಯ ಕ್ಷೇತ್ರವು 2023ರಲ್ಲಿ ಭಾಗೀರಥಿ ಮುರುಳ್ಯರನ್ನು ಆರಿಸಿತು. ಆದರೂ ಆ ವರ್ಷ ರಾಜ್ಯದ 224 ಸ್ಥಾನಗಳಲ್ಲಿ ಸ್ತ್ರೀಯರು ಗೆದ್ದುದು 10 ಮಾತ್ರ. ಟಿಕೆಟ್ ನೀಡುವಲ್ಲಿ ಪಕ್ಷಗಳು ತೋರುವ ಜಿಪುಣತನ ಇದಕ್ಕೆ ಕಾರಣವೆಂಬುದು ನಿಜ. ಪ್ರಚಾರದ ಭಾಷೆಯೂ ಒಂದು ಕಾರಣವೆಂಬುದು ನಮ್ಮ ಅಭಿಪ್ರಾಯ.

ಕನ್ನಡದಲ್ಲಿ ‘ಅಂತೆ’ ಎಂಬ ಅವ್ಯಯವುಂಟು. ‘ಬಂದಳಂತೆ’ ಎಂದವನು ತಾನು ಕಂಡುದಲ್ಲ, ಕೇಳಿದ್ದು ಎಂದು ಒಪ್ಪಿಕೊಂಡಂತಾಯಿತು. ಎದುರಿಗಿದ್ದವನು ‘ಯಾರು ಹೇಳಿದರು?’ ಎನ್ನಬಹುದು. ಸಂತೆಯ ಗಾಳಿಮಾತಿಗೂ ಈ ಮಟ್ಟಿನ ಪ್ರಾಮಾಣಿಕತೆಯಿತ್ತು. ವಾಟ್ಸಾಪ್ ಸಂದೇಶದಲ್ಲಿ ಮೊದಲು ಲೋಪವಾಗುವುದು ಈ ‘ಅಂತೆ’ಯೇ. ಕರ್ತೃವಿಲ್ಲದ ಮಾತು ಕಂಡ ಸತ್ಯದ ವೇಷ ತೊಟ್ಟು ಗುಂಪಿನಿಂದ ಗುಂಪಿಗೆ ಸಾಗುತ್ತದೆ.

ಎರಡನೆಯದು ಗೌರವವಾಚಕ. ಪುರುಷನನ್ನು ನಿಂದಿಸುವಾಗಲೂ ‘ಅವರು’ ಎನ್ನುವ ಲೇಖನಿ ಸ್ತ್ರೀಯ ವಿಷಯದಲ್ಲಿ ಸುಲಭವಾಗಿ ‘ಇವಳು’ ಎಂಬಲ್ಲಿಗೆ ಇಳಿಯುತ್ತದೆ. ಆತನನ್ನು ರಸ್ತೆ, ಕುಡಿಯುವ ನೀರು, ಅಡಕೆಯ ಧಾರಣೆಗಳ ಬಗೆಗೆ ಕೇಳುವವರು ಈಕೆಯನ್ನು ಕೇಳುವುದು ಮನೆ, ಗಂಡ, ‘ಹಿಂದೆ ಯಾರಿದ್ದಾರೆ’ ಎಂಬುದನ್ನು. ಸುಳ್ಳು ಅಷ್ಟು ಬೇಗ ನಂಬಿಕೆ ಗಳಿಸುವುದು ಈ ಅಚ್ಚು ಮೊದಲೇ ಸಿದ್ಧವಾಗಿರುವುದರಿಂದ.

1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 123(4)ನೆಯ ಪ್ರಕರಣವು ಅಭ್ಯರ್ಥಿಯ ಚಾರಿತ್ರ್ಯದ ಬಗೆಗಿನ ಸುಳ್ಳು ಹೇಳಿಕೆಯನ್ನು ಭ್ರಷ್ಟಾಚರಣೆಯೆಂದು ಎಣಿಸುತ್ತದೆ. ಆದರೆ ಅದು ಅಭ್ಯರ್ಥಿಯಿಂದಲೋ ಏಜೆಂಟರಿಂದಲೋ ಅವರ ಸಮ್ಮತಿಯಿಂದಲೋ ಪ್ರಕಟವಾಗಿರಬೇಕು. ಸಂಗತಿಯ ನಿರೂಪಣೆಯೂ ಆಗಿರಬೇಕು. ಹೆಸರಿಲ್ಲದ ಸಂದೇಶ ಮೊದಲನೆಯದರಿಂದ, ಪ್ರಶ್ನೆಯ ರೂಪದ ವ್ಯಂಗ್ಯ ಎರಡನೆಯದರಿಂದ ನುಣುಚಿಕೊಳ್ಳುತ್ತದೆ. ಕೃತಕ ದೃಶ್ಯಗಳನ್ನು ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಬೇಕೆಂದು ಚುನಾವಣಾ ಆಯೋಗವು 2024ರ ಮೇ ತಿಂಗಳಲ್ಲಿ ಪಕ್ಷಗಳಿಗೆ ಸೂಚಿಸಿತು. ಸೂಚನೆ ಪಕ್ಷಗಳಿಗೆ, ಸಂದೇಶವಿರುವುದು ನಮ್ಮ ನಿಮ್ಮ ಕೈಗಳಲ್ಲಿ.

ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಅಲ್ಲಿ ಆಡಳಿತ ಕಲಿತವರು ಮುಂದಿನ ಮೆಟ್ಟಿಲೇರಲು ಹಿಂಜರಿದರೆ, ಸೋಲಿನ ಭಯಕ್ಕಿಂತ ಇಂಥ ಮಾತಿನ ಭಯವೇ ಹಿರಿದಾಗಿರಬಹುದು. ತರಗತಿಯಲ್ಲಿ ಕಾವ್ಯದ ಪಾಠಾಂತರಗಳನ್ನು ಅಷ್ಟು ಎಚ್ಚರದಿಂದ ಪರಿಶೀಲಿಸುವ ನಾವು, ಕೈಗೆ ಬಂದ ಸಂದೇಶದ ಕರ್ತೃ ಯಾರು, ಆಧಾರವೇನು ಎಂದು ಕೇಳದೆ ಮುಂದಕ್ಕೆ ಕಳುಹಿಸುವುದು ನಮ್ಮ ಶಾಸ್ತ್ರಕ್ಕೆ ಒಪ್ಪುವ ನಡತೆಯಲ್ಲ.