ಕತೆಗೆ ಮೊದಲ ವಾಚಕ ಯಾರು?

ಕತೆ ಬರೆಯುವ ಹಂಬಲ ಹೊತ್ತ ತರುಣರು ಕನ್ನಡದ ಅಧ್ಯಾಪಕನನ್ನು ಕೇಳುವ ಪ್ರಶ್ನೆಗಳು ಬಹಳವಿಲ್ಲ. ವಸ್ತುವನ್ನು ಎಲ್ಲಿಂದ ತರಬೇಕು? ಮೊದಲೇ ಹಂದರ ಹಾಕಿಕೊಳ್ಳಬೇಕೋ, ಬರೆಯುತ್ತ ಹೋಗಬೇಕೋ? ಊರಿನ ಮಾತನ್ನು ಇದ್ದಂತೆಯೇ ಬರೆದರೆ ಬೆಂಗಳೂರಿನವರಿಗೆ ತಿಳಿದೀತೆ? ಪರಿಚಯದವರ ಬಾಳನ್ನು ಕತೆಗೆ ತಂದರೆ ಜಗಳ ಬಂದೀತೆ? ಕೊನೆಗೆ, ತುಸು ಧ್ವನಿ ತಗ್ಗಿಸಿ, ಅಚ್ಚು ಹಾಕುವವರು ಯಾರು, ಹಣವೆಷ್ಟು ಬಂದೀತು? ಬೇಡಕಿಹಾಳದ ಸುತ್ತಿನ ಹಳ್ಳಿಗಳಿಂದ ಕಾಲೇಜಿಗೆ ಬರುವ ಹುಡುಗ ಹುಡುಗಿಯರ ಬಾಯಲ್ಲಿ ಈ ಐದನ್ನೇ ನಾನು ಮತ್ತೆ ಮತ್ತೆ ಕೇಳಿದ್ದೇನೆ. ಕಥನಕಲೆಯನ್ನು ಕಲಿಸುವ ಕೈಪಿಡಿಗಳು ಇವಕ್ಕೆ ಬೇರೆ ಬೇರೆ ಅಧ್ಯಾಯಗಳಲ್ಲಿ ಉತ್ತರ ಕೊಡುತ್ತವೆ. ನನಗಾದರೋ ಇವು ಒಂದೇ ಗಿಡದ ಐದು ಟೊಂಗೆಗಳಾಗಿ ತೋರುತ್ತವೆ. ಬುಡದಲ್ಲಿರುವ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ನನ್ನ ಕತೆಗೆ ಮೊದಲ ವಾಚಕ ಯಾರು?

ಭಾಷೆಯ ಪ್ರಶ್ನೆಯಿಂದ ತೊಡಗೋಣ. ಚಿಕ್ಕೋಡಿ ನಿಪ್ಪಾಣಿಗಳ ಈ ಸೀಮೆಯಲ್ಲಿ ಅದರ ಬಿಸಿ ಹೆಚ್ಚು. ಇಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಕೆಲವು ಮನೆಗಳಲ್ಲಿ ಅದರ ತಿರುವುಮುರುವು. ಹೊಲದ ಪಾಲಿನ ಮಾತು ಬಂದಾಗ ಇಲ್ಲಿಯ ಹಿರಿಯನೊಬ್ಬ, "ಈ ವರ್ಷ ವಾಟಣಿ ಆಗೂದ ಖರೆ, ಪಾವಣೇರನ್ನ ಕರಸ್ರಿ" ಎನ್ನುತ್ತಾನೆ. ಕತೆ ಬರೆಯಹೊರಟ ಅವನ ಮೊಮ್ಮಗ ಅದನ್ನು "ಈ ವರ್ಷ ಆಸ್ತಿಯ ವಿಭಾಗವಾಗಲೇಬೇಕು, ಬಂಧುಗಳನ್ನು ಕರೆಸಿರಿ" ಎಂದು ತಿದ್ದುತ್ತಾನೆ. ವ್ಯಾಕರಣ ಗೆದ್ದಿತು, ಕತೆ ಸೋತಿತು. ಪಾವಣೇರು ಹೆಣ್ಣು ಕೊಟ್ಟು ತಂದ ಸಂಬಂಧದವರು. ಅವರೆದುರು ಮನೆಯ ಮಾನ ಪಣಕ್ಕಿರುತ್ತದೆ. ಅಣ್ಣತಮ್ಮಂದಿರು ಅವರ ಮುಂದೆ ಕುಳಿತು ಪಾಲು ಮಾಡಿಕೊಳ್ಳುವಾಗ ಇರುವ ನಾಚಿಕೆ, ಹಟ, ಹೆಂಗಸರ ಒಳಗಿನ ಪಿಸುಮಾತು ಇವೆಲ್ಲ ಆ ಒಂದು ಶಬ್ದದಲ್ಲಿ ಅಡಗಿವೆ. 'ಬಂಧುಗಳು' ಎಂದೊಡನೆ ಅವೆಲ್ಲ ಎದ್ದು ಹೋಗುತ್ತವೆ. ಮೊಮ್ಮಗ ಹೀಗೇಕೆ ತಿದ್ದಿದ? ಕಾಣದ ದೂರದ ಪಂಡಿತನೊಬ್ಬನನ್ನು ಅವನು ಮೊದಲ ವಾಚಕನನ್ನಾಗಿ ಮಾಡಿಕೊಂಡಿದ್ದಾನೆ.

ಈ ಸೀಮೆಯವರೇ ಆದ ಮಿರ್ಜಿ ಅಣ್ಣಾರಾಯರು ಆ ಪಂಡಿತನಿಗೆ ಅಂಜಲಿಲ್ಲ. ಇಂದಿನ ಕಾಗವಾಡ ತಾಲೂಕಿಗೆ ಸೇರಿದ ಶೇಡಬಾಳದಲ್ಲಿ ೧೯೧೮ರಲ್ಲಿ ಹುಟ್ಟಿ, ಶಾಲಾಮಾಸ್ತರರಾಗಿ ದುಡಿದು, ೧೯೭೫ರಲ್ಲಿ ತೀರಿಕೊಂಡ ಅವರು 'ನಿಸರ್ಗ', 'ರಾಮಣ್ಣ ಮಾಸ್ತರರು' ಮೊದಲಾದ ಕಾದಂಬರಿಗಳನ್ನು ಬರೆದರು. 'ನಿಸರ್ಗ'ದಲ್ಲಿ ಈ ಭಾಗದ ಒಕ್ಕಲುತನದ ಬದುಕೂ ಇಲ್ಲಿಯ ಆಡುನುಡಿಯೂ ಒಂದನ್ನೊಂದು ಬಿಡದೆ ಬಂದಿವೆ. ಪ್ರಾದೇಶಿಕ ಕಾದಂಬರಿಯೆಂದರೆ ಒಂದು ಮೆಟ್ಟಿಲು ಕೆಳಗಿನದೆಂದು ತಿಳಿಯುವ ವಿಮರ್ಶಕರು ಇಂದಿಗೂ ಇದ್ದಾರೆ. ಪ್ರದೇಶವಿಲ್ಲದ ಮನುಷ್ಯನನ್ನು ಅವರು ಎಲ್ಲಿ ಕಂಡರೋ ನಾನರಿಯೆ! ನಿಪ್ಪಾಣಿಗೆ ಹತ್ತಿರದ, ಗಡಿಯಾಚೆಯ ಕಾಗಲದಲ್ಲಿ ಹುಟ್ಟಿದ ಆನಂದ ಯಾದವರು ತಮ್ಮೂರ ಒಕ್ಕಲಿನ ಮರಾಠಿಯನ್ನೇ ನೆಚ್ಚಿ ಬರೆದರು. ಅವರ ಆತ್ಮಕಥನ 'ಝೋಂಬಿ'ಗೆ ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಊರಿನ ಮಾತು ಊರಿನ ಆಚೆಗೆ ಹೋಗಲಾರದೆಂಬ ಅಂಜಿಕೆಗೆ ಇಷ್ಟು ಸಮೀಪದಲ್ಲೇ ಉತ್ತರವಿದೆ.

ಆದರೆ ಇನ್ನೊಂದು ಅಪಾಯವನ್ನೂ ಹೇಳಬೇಕು. ಇತ್ತೀಚಿನ ಕೆಲವು ಕತೆಗಳಲ್ಲಿ ಆಡುನುಡಿ ಜಾತ್ರೆಯ ಬಣ್ಣದ ಕಾಗದದಂತೆ ಅಂಟಿಕೊಂಡಿರುತ್ತದೆ. ಪಾತ್ರ ಬಾಯಿಬಿಟ್ಟರೆ ಬೈಗಳು, ಇಲ್ಲವೆ ಗಾದೆ. ಹಳ್ಳಿಯವನನ್ನು ಪೇಟೆಯವರ ನಗೆಗೆ ಒಪ್ಪಿಸುವ ಈ ಬರವಣಿಗೆಯೂ ದೂರದ ವಾಚಕನನ್ನು ಮೆಚ್ಚಿಸಲು ಹುಟ್ಟಿದ್ದೇ. ಒಬ್ಬ ಅವನೆದುರು ಶಿಷ್ಟನಾಗಲು ಹವಣಿಸಿದರೆ, ಇನ್ನೊಬ್ಬ ವಿಚಿತ್ರನಾಗಲು ಹವಣಿಸುತ್ತಾನೆ. ಇಬ್ಬರಿಗೂ ಒಂದೇ ಪರೀಕ್ಷೆ ಸಾಕು: ಬರೆದದ್ದನ್ನು ಊರಿನ ಬಲ್ಲವರೊಬ್ಬರ ಮುಂದೆ ಗಟ್ಟಿಯಾಗಿ ಓದಬೇಕು. ಎಲ್ಲಿ ಅವರ ಹುಬ್ಬು ಗಂಟಿಕ್ಕುತ್ತದೆಯೋ ಅಲ್ಲಿ ಸುಳ್ಳು ಸೇರಿದೆ.

ಹಂದರದ ಪ್ರಶ್ನೆಯೂ ಇಲ್ಲಿಯೇ ಬಗೆಹರಿಯುತ್ತದೆ. ಕಟ್ಟೆಯ ಮೇಲೆ ಕತೆ ಕೇಳುವವನು ಎರಡೇ ಮಾತು ಕೇಳುತ್ತಾನೆ: "ಮುಂದ?" ಮತ್ತು "ಅಂವ ಹಂಗ್ಯಾಕ ಮಾಡಿದ?" ಮೊದಲನೆಯದು ಘಟನೆಗಳ ಸರಣಿ, ಎರಡನೆಯದು ಕಾರಣ. ಲೇಖಕ ಮೊದಲೇ ನಕ್ಷೆ ಬರೆದುಕೊಳ್ಳಲಿ, ಬಿಡಲಿ. ಈ ಎರಡು ಮಾತಿಗೆ ಪ್ರತಿಯೊಂದು ಪುಟದಲ್ಲೂ ಅವನಲ್ಲಿ ಉತ್ತರವಿರಬೇಕು. ವಸ್ತುವಿಗಂತೂ ಈ ನೆಲದಲ್ಲಿ ಬರವಿಲ್ಲ. ೧೯೮೧ರಲ್ಲಿ ತಂಬಾಕಿನ ಬೆಲೆಗಾಗಿ ರೈತರು ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತರು. ಅಲ್ಲಿಯ ತಂಬಾಕಿನ ವಖಾರಿಗಳಲ್ಲಿ ದುಡಿಯುವ ಹೆಂಗಸರನ್ನು ಕುರಿತು ಯುಗಾಂತರ್ ಎಂಬ ಸ್ತ್ರೀಯರ ತಂಡ ೧೯೮೨ರಲ್ಲಿ ಸಾಕ್ಷ್ಯಚಿತ್ರವನ್ನೇ ತೆಗೆಯಿತು. ಆ ಘಾಟನ್ನು ಹುಟ್ಟಿದಂದಿನಿಂದ ಉಸಿರಾಡಿದ ನಮ್ಮ ತರುಣನೋ, ತಾನು ಕಾಣದ ಮಹಾನಗರದ ವಿರಹವನ್ನು ಬರೆಯುತ್ತಾನೆ.

ಪರಿಚಯದವರನ್ನು ಬರೆಯುವ ಪ್ರಶ್ನೆ ಸೂಕ್ಷ್ಮವಾದದ್ದು. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೂ ಮನೆ ಗುರುತು ಹತ್ತುತ್ತದೆ. ಈ ಜಿಲ್ಲೆಯವರೇ ಆದ ಬಸವರಾಜ ಕಟ್ಟೀಮನಿಯವರು 'ಮಾಡಿ ಮಡಿದವರು' ಕಾದಂಬರಿಯಲ್ಲಿ ೧೯೪೨ರ ಚಳವಳಿಯನ್ನು ಚಿತ್ರಿಸಿದರು. 'ಜರತಾರಿ ಜಗದ್ಗುರು'ವಿನಲ್ಲಿ ಮಠದ ಡಂಭವನ್ನು ಬಯಲಿಗೆಳೆದರು. ಅಧಿಕಾರದಲ್ಲಿದ್ದವರನ್ನು ಕುರಿತು ಬರೆಯುವ ಧೈರ್ಯ ಬೇರೆ, ನೆರೆಮನೆಯ ಹೆಣ್ಣುಮಗಳ ಕಣ್ಣೀರನ್ನು ಬೀದಿಗೆ ತರುವುದು ಬೇರೆ. ಊರಿನವನೇ ಮೊದಲ ವಾಚಕನೆಂದು ಬಗೆದ ಲೇಖಕನಿಗೆ ಈ ವ್ಯತ್ಯಾಸ ಯಾರೂ ಹೇಳದೆ ತಿಳಿಯುತ್ತದೆ. ಒಬ್ಬಳ ಗುಟ್ಟನ್ನು ಬಿಟ್ಟು ಅನೇಕರ ಸಂಕಟವನ್ನು ಅವನು ಹಿಡಿಯುತ್ತಾನೆ; ಅದರಿಂದ ಪಾತ್ರವೂ ದೊಡ್ಡದಾಗುತ್ತದೆ.

ಇನ್ನು ಹಣದ ಮಾತು. ಸಾಹಿತಿ ಅದನ್ನು ಆಡಬಾರದೆಂಬ ಮಡಿವಂತಿಕೆ ನನಗಿಲ್ಲ. ೧೯೪೨ರಲ್ಲಿ ತೀರಿಕೊಂಡ ಗಳಗನಾಥರು ತಾವೇ ಕಾದಂಬರಿ ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ವಾಚಕರ ಮನೆಯ ಬಾಗಿಲನ್ನು ಅವರು ಕಣ್ಣಾರೆ ಕಂಡಿದ್ದರು. ೧೯೩೩ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಧಾರವಾಡದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಿಂತಿತು. ೧೯೬೫ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಅಲ್ಲಿಂದಲೇ ಹೊರಬಂದಿತು. ಕನ್ನಡದ ಕಾದಂಬರಿ ಬದುಕಿದ್ದು ಹೀಗೆ, ಹೆಸರು ಊರು ಗೊತ್ತಿದ್ದ ವಾಚಕರಿಂದ. ಇಂದು ಅನೇಕ ಪುಸ್ತಕಗಳು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ಕಣ್ಣಮುಂದಿಟ್ಟುಕೊಂಡು ಅಚ್ಚಾಗುತ್ತವೆ. ಖರೀದಿ ಬೇಡವೆನ್ನಲಾರೆ, ಆದರೆ ಕಪಾಟನ್ನು ವಾಚಕನೆಂದು ಭ್ರಮಿಸಬಾರದು. ಲೇಖಕನೇ ಮುದ್ರಣದ ವೆಚ್ಚ ಕೊಟ್ಟು, ಪ್ರತಿಗಳನ್ನು ಅಟ್ಟದ ಮೇಲೆ ಪೇರಿಸಿಡುವುದು ಸಾಹಿತ್ಯವೂ ಅಲ್ಲ, ವ್ಯಾಪಾರವೂ ಅಲ್ಲ.

ಕರಾರಿನ ವಿಷಯದಲ್ಲಿ ನಮ್ಮವರ ಅಲಕ್ಷ್ಯ ಬಹಳ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕನ ಹಕ್ಕು ಅವನ ಜೀವಿತಕಾಲವಲ್ಲದೆ ಆ ಮೇಲೆ ೬೦ ವರ್ಷ ಉಳಿಯುತ್ತದೆ. ಹಕ್ಕನ್ನು ಬಿಟ್ಟುಕೊಡಬೇಕಾದರೆ ಬರಹದಲ್ಲಿ ಸಹಿಯಾಗಬೇಕು; ಅವಧಿ ಕಾಣಿಸದಿದ್ದರೆ ೫ ವರ್ಷವೆಂದೂ, ಪ್ರದೇಶ ಕಾಣಿಸದಿದ್ದರೆ ಭಾರತವೆಂದೂ ೧೯ನೆಯ ಕಲಮು ತಿಳಿಯುತ್ತದೆ. 'ಸರ್ವ ಹಕ್ಕುಗಳೂ ಶಾಶ್ವತವಾಗಿ' ಎಂಬ ಸಾಲಿನ ಕೆಳಗೆ ಓದದೆ ರುಜು ಹಾಕುವವನು, ತಾತನ ಹೊಲವನ್ನು ಪಹಣಿ ನೋಡದೆ ಬರೆದುಕೊಟ್ಟವನಿಗಿಂತ ಜಾಣನಲ್ಲ. ಕೃಷ್ಣಮೂರ್ತಿ ಪುರಾಣಿಕರ 'ಧರ್ಮದೇವತೆ' ೧೯೬೨ರಲ್ಲಿ 'ಕರುಣೆಯೇ ಕುಟುಂಬದ ಕಣ್ಣು' ಎಂಬ ಚಲನಚಿತ್ರವಾಯಿತು. ಯಾವ ಕತೆಗೆ ಯಾವಾಗ ಎರಡನೆಯ ಜನ್ಮ ಬಂದೀತೆಂದು ಯಾರು ಬಲ್ಲರು? ಅನುವಾದ, ಚಿತ್ರ, ಧ್ವನಿಪುಸ್ತಕಗಳ ಹಕ್ಕನ್ನು ಬೇರೆಬೇರೆಯಾಗಿಯೇ ಬರೆಯಿಸಿಕೊಳ್ಳುವುದು ಲೇಸು. ಹಾಗೆಂದು ಕಾದಂಬರಿಯನ್ನು ನಂಬಿ ಕೈಯಲ್ಲಿದ್ದ ನೌಕರಿಯನ್ನು ಬಿಡೆಂದು ನಾನು ಯಾವ ವಿದ್ಯಾರ್ಥಿಗೂ ಹೇಳಲಾರೆ. ಅಣ್ಣಾರಾಯರು ಮಾಸ್ತರಿಕೆಯ ಸಂಬಳದಲ್ಲಿ ಬಾಳಿಯೇ ಬರೆದರು.

ಗಡಿಯ ಹಳ್ಳಿಗಳಲ್ಲಿ ಕನ್ನಡದ ಕತೆಗೆ ವಾಚಕರಿಲ್ಲವೆಂಬ ದೂರು ಹಳೆಯದು. ಎರಡು ಭಾಷೆ ಬಲ್ಲ ಇಲ್ಲಿಯ ವಾಚಕ ತನ್ನ ಮನೆಯ ಮಾತು ಎಲ್ಲಿ ಕೇಳಿಸುವುದೋ ಆ ಪುಸ್ತಕವನ್ನು ಎತ್ತಿಕೊಳ್ಳುತ್ತಾನೆ. ಅದು ಮರಾಠಿಯದಾದರೆ ಮರಾಠಿಯದು. ಅವನನ್ನು ಕನ್ನಡದಲ್ಲಿ ಉಳಿಸಿಕೊಳ್ಳುವ ಕೆಲಸ ಭಾಷಣಗಳಿಗಿಂತ ಕತೆಗಳಿಂದಲೇ ಆಗಬೇಕು. ಅವನ ಪಾವಣೇರು, ಅವನ ವಾಟಣಿ, ಅವನ ವಖಾರಿ ನಮ್ಮ ಪುಟಗಳಲ್ಲಿ ತಮ್ಮ ಹೆಸರಿನಿಂದಲೇ ಬರಲಿ.