ತೇಲಿಹೋದ ಪಾಠಶಾಲೆಯೂ ಅದರ ವಾಚಕರೂ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗಳು ಬೆಂಗಳೂರಿನಿಂದ ಬರುವಾಗ ಇಟ್ಟಿಗೆಯಷ್ಟು ದಪ್ಪನಾದ ಮೂರು ಸಂಪುಟಗಳನ್ನು ಹೊತ್ತು ತಂದಳು. ಜಪಾನೀಯರು ‘ಮಾಂಗಾ’ ಎಂದು ಕರೆಯುವ ಚಿತ್ರಕಥೆಯ ಪುಸ್ತಕಗಳು ಅವು. ಇಂಗ್ಲೀಷಿಗೆ ಭಾಷಾಂತರವಾಗಿದ್ದರೂ ಮೂಲದ ಕ್ರಮವನ್ನುಳಿಸಿಕೊಂಡು ಬಲದಿಂದ ಎಡಕ್ಕೆ ಓದತಕ್ಕವು. ಇದನ್ನರಿಯದೆ ನಾನು ವಾಡಿಕೆಯಂತೆ ಎಡಗಡೆಯ ರಟ್ಟನ್ನು ತೆರೆದು ಕಥೆಯ ಕೊನೆಯಿಂದಲೇ ಆರಂಭಿಸಿದೆನು; ಮೊಮ್ಮಗಳು ನಕ್ಕಳು. ಅರುವತ್ತು ದಾಟಿದವನಿಗೆ ಅಕ್ಷರಾಭ್ಯಾಸವು ಮತ್ತೊಮ್ಮೆ ಆಯಿತೆನ್ನಬೇಕು.

ಪುಸ್ತಕವು ಮೊದಲು ನನ್ನ ಮನೆಯಲ್ಲಿಯೂ, ಆಮೇಲೆ ನಮ್ಮ ಸಂಘದ ಸಾಯಂಕಾಲದ ಗೋಷ್ಠಿಯಲ್ಲಿಯೂ ಕೈಯಿಂದ ಕೈಗೆ ಹೋಯಿತು. ಓದಿದವರು ಐದಾರು ಮಂದಿ. ಒಬ್ಬರ ಅಭಿಪ್ರಾಯಕ್ಕೆ ಮತ್ತೊಬ್ಬರದು ಹೊಂದದು. ಆ ಅಭಿಪ್ರಾಯಗಳನ್ನೇ ಮುಂದಿಟ್ಟುಕೊಂಡು ಕೃತಿಯನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಕೃತಿಯ ಹೆಸರು ಜಪಾನೀ ಭಾಷೆಯಲ್ಲಿ ‘ಹ್ಯೋರ್ಯೂ ಕ್ಯೋಶಿತ್ಸು’. ದಿಕ್ಕುಗೆಟ್ಟು ತೇಲಿಹೋದ ತರಗತಿ ಎಂದರ್ಥ. ಕರ್ತೃವಾದ ಕಜುವೊ ಉಮೆಜು 1936ರಲ್ಲಿ ಜನಿಸಿ 2024ರ ಅಕ್ಟೋಬರಿನಲ್ಲಿ, 88ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಜಪಾನಿನಲ್ಲಿ ಭಯಾನಕ ಚಿತ್ರಕಥೆಗೆ ಇವನನ್ನು ಆಚಾರ್ಯಪುರುಷನೆಂದೇ ಎಣಿಸುವರು. ಈ ಕಥೆಯು ಬಾಲಕರ ವಾರಪತ್ರಿಕೆಯೊಂದರಲ್ಲಿ 1972ರಿಂದ 1974ರವರೆಗೆ ಕಂತುಕಂತಾಗಿ ಪ್ರಕಟವಾಗಿ, ಮೊದಲಿಗೆ 11 ಸಂಪುಟಗಳಾಗಿ ಹೊರಬಂದಿತು. ಶೋಗಾಕುಕನ್ ಪ್ರಶಸ್ತಿಯನ್ನೂ ಪಡೆಯಿತು.

ಕಥಾವಸ್ತುವನ್ನು ಸಂಗ್ರಹವಾಗಿ ಹೇಳುವೆನು. ಶೋ ತಕಮಾತ್ಸು ಎಂಬವನು ಯಮಾತೋ ಪ್ರಾಥಮಿಕ ಶಾಲೆಯಲ್ಲಿ ಆರನೆಯ ತರಗತಿಯ ಬಾಲಕ. ಒಂದು ಬೆಳಗ್ಗೆ ತಾಯಿಯೊಡನೆ ಜಗಳವಾಡಿ, ಇನ್ನು ಮನೆಗೆ ಬರುವುದೇ ಇಲ್ಲವೆಂದು ಕೂಗಿ ಶಾಲೆಗೆ ಹೋಗುತ್ತಾನೆ. ತಾಯಿಯೂ ಕೋಪದಲ್ಲಿ, ಬರಬೇಡ ಎನ್ನುತ್ತಾಳೆ. ಸ್ವಲ್ಪ ಹೊತ್ತಿನಲ್ಲಿಯೇ ನೆಲವು ನಡುಗಿ, ಶಾಲೆಯಿದ್ದ ಕಡೆ ಒಂದು ದೊಡ್ಡ ಹಳ್ಳ ಮಾತ್ರ ಉಳಿಯುತ್ತದೆ. ಸ್ಫೋಟದಲ್ಲಿ ಎಲ್ಲರೂ ಸತ್ತರೆಂದು ಊರು ಅಳುತ್ತದೆ. ಅತ್ತ ಶಾಲೆಯು, ಮಕ್ಕಳು ಮಾಸ್ತರುಗಳ ಸಹಿತವಾಗಿ, ಗಿಡವಿಲ್ಲದ ನೀರಿಲ್ಲದ ಮರಳುಗಾಡೊಂದರ ಮಧ್ಯದಲ್ಲಿ ನಿಂತಿದೆ. ಅದು ಬೇರೆ ದೇಶವಲ್ಲ, ಬೇರೆ ಲೋಕವೂ ಅಲ್ಲ. ಅವರದೇ ಊರು, ಅವರದೇ ನೆಲ. ಕಾಲ ಮಾತ್ರ ಮುಂದಿನದು. ಮನುಷ್ಯರು ಭೂಮಿಯನ್ನು ಹಾಳುಗೆಡವಿದ ಮೇಲೆ ಉಳಿದದ್ದು ಅಷ್ಟು.

ನನ್ನ ಮಿತ್ರರಾದ ಪಂಡಿತರೊಬ್ಬರು ಮೊದಲನೆಯ ಸಂಪುಟವನ್ನು ಓದಿ ಹಿಂದಿರುಗಿಸುತ್ತಾ, “ಇದು ಬೀಭತ್ಸ, ಕಾವ್ಯವಲ್ಲ” ಎಂದರು. ಇದು ಅವಸರದ ತೀರ್ಪು. ಬೀಭತ್ಸದಿಂದಲೇ ಭಯಾನಕವು ಹುಟ್ಟುವುದೆಂದು ಭರತಮುನಿಯೇ ಹೇಳಿರುವಾಗ, ತಾಯಿಯ ಮುಖ ಚೆನ್ನಾಗಿಲ್ಲವೆಂದು ಮಗುವನ್ನು ತಳ್ಳಿಬಿಡಬಹುದೆ? ಹಸಿವು, ಬಾಯಾರಿಕೆ, ಮಹಾಮಾರಿ, ಪರಸ್ಪರ ಹತ್ಯೆ, ಕಡೆಗೆ ನರಮಾಂಸದವರೆಗೂ ಕಥೆಯು ಇಳಿಯುವುದು ನಿಜ. ಅರಿವಳಿಕೆಯಿಲ್ಲದೆ ಒಬ್ಬ ಬಾಲಕನು ಇನ್ನೊಬ್ಬನ ಹೊಟ್ಟೆಯನ್ನು ಕೊಯ್ದು ಕರುಳಿನ ರೋಗವನ್ನು ತೆಗೆಯುವ ಭಾಗವನ್ನು ನಾನು ಎರಡು ಸಲ ಮುಚ್ಚಿಟ್ಟು ಮೂರನೆಯ ಸಲ ಓದಿದೆನು. ಆದರೆ ಅಲ್ಲಿ ಚಿತ್ರಕಾರನು ರಕ್ತವನ್ನು ತೋರಿಸಿ ಸಂತೋಷಪಡುತ್ತಿಲ್ಲ. ವೈದ್ಯನ ಮಗನೆಂಬ ಒಂದೇ ಅರ್ಹತೆಯಿಂದ ಕತ್ತಿಯನ್ನು ಹಿಡಿಯಬೇಕಾಗಿ ಬಂದ ಹುಡುಗನ ಗತಿಯು ನಮ್ಮ ಮನಸ್ಸನ್ನು ಹಿಡಿಯುತ್ತದೆ.

ಪಂಡಿತರ ಆಕ್ಷೇಪಣೆಯಲ್ಲಿ ಬೇರೊಂದು ಸತ್ಯವಿದೆ. ಅದನ್ನು ಅವರು ಹೇಳಲಿಲ್ಲ, ನಾನು ಹೇಳುವೆನು. ಪರಿಪೋಷ ಹೊಂದಿದ ರಸವನ್ನೇ ಮತ್ತೆ ಮತ್ತೆ ಉದ್ದೀಪಿಸಿದರೆ, ಕೈಯಾಡಿಸಿದ ಹೂವಿನಂತೆ ಅದು ಬಾಡುವುದೆಂದು ಆನಂದವರ್ಧನನು ಎಚ್ಚರಿಸಿದ್ದಾನೆ. ಉಮೆಜುವಿನ ಮಕ್ಕಳು ಪುಟಪುಟಕ್ಕೂ ಬಾಯಿ ತೆರೆದು ಚೀರುತ್ತಾರೆ. ಮೊದಲ ಚೀತ್ಕಾರಕ್ಕೆ ಮೈ ನಡುಗುತ್ತದೆ. ನೂರನೆಯದಕ್ಕೆ ಪುಟ ತಿರುವುವ ಬೆರಳು ಬೇಗ ಓಡುತ್ತದೆ. ವಾರಪತ್ರಿಕೆಯ ಓದುಗನನ್ನು ಮುಂದಿನ ವಾರಕ್ಕೆ ಕಟ್ಟಿಹಾಕಬೇಕಾದ ವೃತ್ತಿಯ ದೋಷವಿದು. ಒಟ್ಟಿಗೆ ಓದುವವನಿಗೆ ಹೆಚ್ಚಾಗಿ ಕಾಣುತ್ತದೆ. ಅದೇ ಚಿತ್ರಕಾರನು ಶಾಲೆಯ ಹೆಬ್ಬಾಗಿಲಿನಾಚೆ ದಟ್ಟವಾದ ಕಪ್ಪು ಗೆರೆಗಳಲ್ಲಿ ಹರಡಿರುವ ಬಂಜರು ಭೂಮಿಯನ್ನು, ಒಂದು ಮಾತೂ ಇಲ್ಲದೆ, ಬರೆದಿರುವಲ್ಲಿ ಯಾವ ಚೀತ್ಕಾರವೂ ಅದಕ್ಕೆ ಸಮನಾಗಲಾರದು.

ಇನ್ನು ನನಗೇ ನೋವು ತಂದ ವಿಷಯಕ್ಕೆ ಬರುತ್ತೇನೆ. ಈ ಕಥೆಯಲ್ಲಿ ಮೊದಲು ಕುಸಿದುಬೀಳುವವರು ಮಾಸ್ತರುಗಳು. ಮಕ್ಕಳು ನಂಬಿದ್ದ ತರಗತಿಯ ಉಪಾಧ್ಯಾಯನಾದ ವಕಹರನು ಮತಿಭ್ರಮಣೆಗೊಂಡು ಸಹೋದ್ಯೋಗಿಗಳನ್ನು ಕೊಲ್ಲುತ್ತಾನೆ; ಬಳಿಕ ಮಕ್ಕಳ ಮೇಲೆಯೂ ತಿರುಗುತ್ತಾನೆ. ಉಳಿದ ಒಬ್ಬ ಪ್ರೌಢನು ಶಾಲೆಗೆ ಊಟ ತಂದುಕೊಡುತ್ತಿದ್ದ ಸೆಕಿಯಾ. ಅವನು ಆಹಾರದ ಉಗ್ರಾಣವನ್ನೇ ಸ್ವಾಧೀನಮಾಡಿಕೊಂಡು ಹಸಿದ ಮಕ್ಕಳನ್ನು ಆಳಾಗಿಸುತ್ತಾನೆ. ಇದನ್ನೋದಿದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, ಇದು ಗುರುನಿಂದೆಯೆಂದೂ ಇಂಥದನ್ನು ಮನೆಯಲ್ಲಿರಿಸಬಾರದೆಂದೂ ಸಿಟ್ಟಾದರು. ಆ ದಿನ ನಾನೂ ತಲೆದೂಗಿದೆನು.

ರಾತ್ರಿ ನಿದ್ರೆ ಬರಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಹಳ್ಳಿಯ ಶಾಲೆಯೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಮಳೆಗಾಲದ ಆರಂಭದ ಬಿರುಗಾಳಿಯಲ್ಲಿ ನಮ್ಮ ಕೊಠಡಿಯ ತಗಡುಗಳು ಕಿತ್ತು ಹಾರಿದುವು. ನಾನು ಮಾಡಿದ್ದೇನು? ಮೇಜಿನ ಮೇಲೆ ಬೆತ್ತ ಬಡಿದು, “ಸದ್ದು! ಯಾರೂ ಏಳಕೂಡದು!” ಎಂದು ಕೂಗಿದೆನು. ಮೂರು ಸಲ ಕೂಗಿದೆನೆಂದು ನೆನಪು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಮಾತನ್ನು ಕೇಳದೆ, ಚಿಕ್ಕ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಗೋಡೆಯ ಬದಿಗೆ ಎಳೆದು, ತಲೆ ಎಣಿಸಿ, ಒಬ್ಬ ಕಡಮೆಯಾಗಿದ್ದಾನೆಂದು ನನಗೆ ತಿಳಿಸಿದಳು. ಕಡಮೆಯಾಗಿದ್ದವನು ಬೆಂಚಿನ ಕೆಳಗೆ ಸಿಕ್ಕಿದನು. ಅವನಿಗೆ ಏನೂ ಆಗಿರಲಿಲ್ಲ. ಮರುದಿನ ಊರವರು ನನ್ನ ಧೈರ್ಯವನ್ನು ಹೊಗಳಿದರು. ನಾನು ತಿದ್ದಲಿಲ್ಲ.

ಅಂದಮೇಲೆ ಉಮೆಜು ಹೇಳುವುದು ನಿಂದೆಯೆಂದು ನಾನು ಯಾವ ಮುಖದಿಂದ ಹೇಳಲಿ? ದೊಡ್ಡವರಿಗೆ ಲೋಕವು ಹೀಗೆಯೇ ಇರತಕ್ಕದ್ದೆಂಬ ನಿಶ್ಚಯವಿದೆ. ಅದು ಮುರಿದರೆ ಅವರೂ ಮುರಿಯುವರು. ಮಕ್ಕಳಿಗೆ ಆ ನಿಶ್ಚಯವು ಇನ್ನೂ ಬಲಿತಿಲ್ಲವಾದುದರಿಂದ, ಬಂದುದನ್ನು ಬಂದಂತೆ ನೋಡಿ, ತಮ್ಮಲ್ಲಿಯೇ ಚುನಾವಣೆ ನಡೆಸಿ ಶೋವನ್ನು ಪ್ರಧಾನಿಯನ್ನಾಗಿ ಮಾಡಿಕೊಂಡು, ಅನ್ನವನ್ನೂ ನೀರನ್ನೂ ಹಂಚತೊಡಗುವರು. ಆದರೆ ಅನೌಚಿತ್ಯವೊಂದಿದೆ. ಅಷ್ಟು ಮಂದಿ ಉಪಾಧ್ಯಾಯರನ್ನು ಕವಿಯು ಒಬ್ಬನ ಹುಚ್ಚಿನಿಂದ ಒಂದೇ ಏಟಿಗೆ ಕಥೆಯಿಂದ ಹೊರಡಿಸಿಬಿಟ್ಟನು. ಮೆಲ್ಲಮೆಲ್ಲನೆ ಸೋಲುವ ಮಾಸ್ತರನೊಬ್ಬನನ್ನಾದರೂ ಉಳಿಸಿಕೊಂಡಿದ್ದರೆ ಕೃತಿಯು ಇನ್ನೂ ಆಳವಾಗುತ್ತಿತ್ತು. ನಮ್ಮಲ್ಲಿ ಬಹುಮಂದಿ ಸೋಲುವುದು ಆ ರೀತಿಯಲ್ಲಿ.

ಅತ್ಯಂತ ಬಿಸಿಯಾದ ಚರ್ಚೆಯು ನಡೆದುದು ನಮ್ಮ ಮನೆಯಲ್ಲಿಯೇ, ಸೊಸೆಗೂ ಮೊಮ್ಮಗಳಿಗೂ. ಕಥೆಯ ಅಲೌಕಿಕಾಂಶದ ಜೀವವು ಇಲ್ಲಿದೆ: ನಿಶಿ ಎಂಬ ಬಾಲಕಿಯ ಅತೀಂದ್ರಿಯ ಶಕ್ತಿಯ ಮೂಲಕ ಶೋವಿನ ಕೂಗು ಕಾಲವನ್ನು ದಾಟಿ ತಾಯಿಗೆ ಕೇಳಿಸುತ್ತದೆ. ಮಗನಿಗೆ ಆಯುಧ ಬೇಕೆಂದು ತಿಳಿದು ಅವಳು ಹೋಟಲಿನ ಗೋಡೆಯೊಳಗೆ ಚೂರಿಯನ್ನು ಹುದುಗಿಸುತ್ತಾಳೆ. ಯುಗಾಂತರದಲ್ಲಿ ಆ ಕಟ್ಟಡದ ಅವಶೇಷದಿಂದ ಮಗನು ಅದನ್ನು ಕೀಳುತ್ತಾನೆ. ಮಹಾಮಾರಿ ಬಂದಾಗ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಸತ್ತ ಕ್ರೀಡಾಪಟುವೊಬ್ಬನ ಶವದಲ್ಲಿರಿಸಿ, ಆ ಶವವು ಕಾಲದಲ್ಲಿ ಅಳಿಯದಂತೆ ಮಾಡುತ್ತಾಳೆ. ನೆರೆಹೊರೆಯವರಿಗೆ ಅವಳು ಹುಚ್ಚಿ.

“ತಾತ, ಇದು ಆಗುವಂಥದೆ? ಎಲ್ಲಿ ಸಿಕ್ಕಿಬಿದ್ದರೋ ಅಲ್ಲಿಗೆ ಅಮ್ಮನ ಪಾರ್ಸಲ್ಲು!” ಎಂಬುದು ಮೊಮ್ಮಗಳ ಟೀಕೆ. ಸೊಸೆಯಾದರೋ, ಇಡೀ ಪುಸ್ತಕದಲ್ಲಿ ನಂಬತಕ್ಕದ್ದು ಅದೊಂದೇ ಎಂದಳು. ಸೊಸೆಯ ಪಕ್ಷವೇ ಬಲವಾದುದೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಭಯಾನಕವು ಮೂರು ಬಗೆಯೆಂದು ಭರತನ ಮತ. ನಟನೆಯಿಂದ ಬಂದುದು, ಬೆದರಿಕೆಯಿಂದ ಬಂದುದು, ಅಪರಾಧದಿಂದ ಬಂದುದು. ಈ ಕಥೆಯ ಭೂತಗಳೂ ಹುಳುಗಳೂ ಬೆದರಿಕೆಯ ಜಾತಿಗೆ ಸೇರಿದುವು. ಅದರ ತಳದಲ್ಲಿ ಹರಿಯುವುದು ಅಪರಾಧದ ಭಯ. ‘ಬರುವುದಿಲ್ಲ’, ‘ಬರಬೇಡ’ ಎಂಬ ಎರಡು ಮಾತುಗಳೇ ಕಥೆಯ ಬೀಜ. ಅವನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಕಾಶವಿಲ್ಲದೆ ಕಾಲವೇ ನಡುವೆ ನಿಂತಿದೆ. ಚೂರಿಯನ್ನೂ ಔಷಧವನ್ನೂ ಅವಳು ಕಳುಹಿಸುವುದು ಆ ಒಂದು ಮಾತಿಗೆ ಪ್ರಾಯಶ್ಚಿತ್ತವಾಗಿ. ಮುಂದೆ ಶೋವಿನ ಸ್ನೇಹಿತನಾದ ಒತೊಮೊ, ಶಾಲೆಯ ಮೇಲಣ ದ್ವೇಷದಿಂದ ಸಿಡಿಮದ್ದನ್ನಿಟ್ಟವನು ತಾನೇ ಎಂದು ಒಪ್ಪಿಕೊಳ್ಳುವಾಗ ಅದೇ ಭಯವು ಮತ್ತೊಂದು ರೂಪದಲ್ಲಿ ಬರುತ್ತದೆ. ಇದರೆದುರಿಗೆ, ನಕಾತನೆಂಬ ಹುಡುಗನ ಕಲ್ಪನೆಯಿಂದ ಹುಟ್ಟಿದ ಮಹಾಕೀಟದ ಆರ್ಭಟವು ಚತುರವಾದುದೇ ಹೊರತು, ಪುಸ್ತಕ ಮುಚ್ಚಿದ ಬಳಿಕ ಹಿಂಬಾಲಿಸುವಂಥದಲ್ಲ. ಬಹುಮಂದಿ ವಾಚಕರು ಹೊಗಳುವುದು ಮಾತ್ರ ಅದನ್ನೇ.

ದೇಶಕಾಲಗಳನ್ನೂ ಮರೆಯಬಾರದು. 1956ರಲ್ಲಿ ಮಿನಮಾತದ ರೋಗವು ಬೆಳಕಿಗೆ ಬಂದಿತು. ಕಾರ್ಖಾನೆಯು ಕಡಲಿಗೆ ಬಿಟ್ಟ ಪಾದರಸವು ಮೀನಿನ ಮೂಲಕ ಬೆಸ್ತರ ಮಕ್ಕಳ ನರಗಳನ್ನು ಸೇರಿತು. ಅದರ ಬಗ್ಗೆ ಕುಮಾಮೊತೊ ನ್ಯಾಯಾಲಯವು ರೋಗಿಗಳ ಪರವಾಗಿ ತೀರ್ಪಿತ್ತುದು 1973ರ ಮಾರ್ಚಿಯಲ್ಲಿ. ಆಗ ಈ ಕಥೆಯು ವಾರವಾರವೂ ಅಚ್ಚಾಗುತ್ತಿತ್ತು. ದೊಡ್ಡವರ ಲಾಭದ ಲೆಕ್ಕವನ್ನು ಮಕ್ಕಳ ದೇಹವು ತೀರಿಸಬೇಕಾದುದು ಜಪಾನಿನವರಿಗೆ ಕಥೆಯಾಗಿರಲಿಲ್ಲ. ಮಕ್ಕಳೆಂಬುದೇ ಇಲ್ಲಿ ಪ್ರಾಣ. 2002ರ ದೂರದರ್ಶನದ ರೂಪಾಂತರದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ತಂದರೆಂದು ಮೊಮ್ಮಗಳು ಹೇಳಿದಳು. ಹಾಗೆ ಮಾಡಿದಮೇಲೆ ಅಪರಾಧಿಗಳಿಗೂ ಅಪರಾಧಕ್ಕೆ ಗುರಿಯಾದವರಿಗೂ ನಡುವಣ ದೂರವು ಕುಗ್ಗುವುದಿಲ್ಲವೆ?

ಮಕ್ಕಳ ಕೈಗೆ ಕೊಡಬಹುದೆ ಎಂದು ಹಲವರು ಕೇಳಿದ್ದಾರೆ. ಮೂಲವು ಬಾಲಕರ ಪತ್ರಿಕೆಯಲ್ಲಿಯೇ ಬಂದುದು. ಆದರೂ ಹನ್ನೆರಡು ವರ್ಷದೊಳಗಿನವರಿಗೆ ನಾನು ಕೊಡಲಾರೆ. ಅದಕ್ಕಿಂತ ಹೆಚ್ಚಾಗಿ, ಮಕ್ಕಳೊಡನೆ ಬೆಳಗ್ಗೆ ಕೋಪದ ಮಾತನ್ನಾಡಿ ಕಚೇರಿಗೆ ಹೊರಡುವ ತಂದೆತಾಯಿಗಳಿಗೆ ಕೊಡುವೆನು.

ಕಡೆಯ ಭಾಗದ ವಿಚಾರದಲ್ಲಿ ಗೋಷ್ಠಿಯು ಇನ್ನೂ ಒಂದು ನಿರ್ಣಯಕ್ಕೆ ಬಂದಿಲ್ಲ. ಹಿರಿಯ ಮಕ್ಕಳೆಲ್ಲರೂ ಆ ಮರುಭೂಮಿಯಲ್ಲಿಯೇ ಉಳಿದು, ಯೂ ಎಂಬ ಮೂರು ವರ್ಷದ ಶಿಶುವನ್ನು ಮಾತ್ರ, ಶೋ ಬರೆದಿಟ್ಟ ದಿನಚರಿಯೊಡನೆ, ಹಿಂದಿನ ಕಾಲಕ್ಕೆ ಕಳುಹಿಸುವರು. ಮಕ್ಕಳನ್ನು ಮನೆಗೆ ಸೇರಿಸದೆ ಮುಗಿಸಿದುದು ಕ್ರೌರ್ಯವೆಂದು ಒಬ್ಬರು. ಭವಿಷ್ಯದಲ್ಲಿ ಬಿತ್ತಿದ ಬೀಜಗಳೆಂದು ತಮ್ಮನ್ನು ತಾವು ತಿಳಿದುಕೊಳ್ಳುವ ಮಕ್ಕಳನ್ನು ಹಿಂದಕ್ಕೆ ಕರೆತರುವುದೇ ಅನ್ಯಾಯವೆಂದು ಇನ್ನೊಬ್ಬರು. ಮೊದಲ ದಿನ ತಪ್ಪಾಗಿ ಹಿಂದುಮುಂದಾಗಿ ತೆರೆದಾಗ ನಾನು ಕಂಡದ್ದು ಈ ಪುಟಗಳನ್ನೇ. ಆಗ ಅವು ನನಗೆ ಏನನ್ನೂ ಹೇಳಲಿಲ್ಲ. ಮತ್ತೊಮ್ಮೆ ನೋಡಿಕೊಂಡು ಬರೆಯೋಣವೆಂದರೆ ಮೂರನೆಯ ಸಂಪುಟವು ಕೈಯಲ್ಲಿಲ್ಲ. ಇದು ಕಾವ್ಯವಲ್ಲವೆಂದ ಪಂಡಿತರು ಅದನ್ನು ಎರಡನೆಯ ಸಲ ತೆಗೆದುಕೊಂಡು ಹೋಗಿ ತಿಂಗಳಾಯಿತು.